ನೂರು ಡಾಲರಿಗೆ ಇಳಿದ ನೀಲಿ ಲೇಸರ್

2007ರ ನವೆಂಬರ್ 2, ಶುಕ್ರವಾರ. ಅಮೆರಿಕದ ವಾಲ್‌ಮಾರ್ಟ್ ಮಳಿಗೆಗಳಲ್ಲಿ ತೋಶಿಬಾ ಕಂಪನಿಯ ಎಚ್‌ಡಿ-ಎ2 ಎಂಬ ಡಿಸ್ಕ್ ಪ್ಲೇಯರ್ 98 ಡಾಲರ್ 87 ಸೆಂಟ್‌ಗೆ ಮಾರಾಟಕ್ಕೆ ಬಂತು. ಜನ ಮುಗಿಬಿದ್ದು ಕೊಂಡರು. ಅದರ ಹಿಂದಿನ ಮಾದರಿ ಒಂದೂವರೆ ವರ್ಷದ ಕೆಳಗಷ್ಟೇ 499 ಡಾಲರಿಗೆ ಪೇಟೆಗೆ ಬಂದಿತ್ತು. ಅದೇ ಶುಕ್ರವಾರ ಸೋನಿ ತನ್ನ ಪ್ಲೇಸ್ಟೇಷನ್ 3ರ ಹೊಸ ಮಾದರಿಯನ್ನು 399 ಡಾಲರಿಗೆ ಅಮೆರಿಕದಲ್ಲಿ ಬಿಡುಗಡೆ ಮಾಡಿತು. ವರ್ಷದ ಹಿಂದೆ ಆ ಯಂತ್ರದ ಅತಿ ಅಗ್ಗದ ಮಾದರಿಗೂ 499 ಡಾಲರ್ ತೆರಬೇಕಿತ್ತು. ಎರಡೂ ಪೆಟ್ಟಿಗೆಗಳ ಒಳಗೆ ಒಂದೇ ಬಣ್ಣದ ಲೇಸರ್ ಇತ್ತು. ಎರಡೂ ಹೈ ಡೆಫಿನಿಷನ್ ಸಿನಿಮಾ ತೋರಿಸುತ್ತಿದ್ದವು. ಆದರೆ ತೋಶಿಬಾದ ಎಚ್‌ಡಿ ಡಿವಿಡಿ ಸೋನಿಯ ಪೆಟ್ಟಿಗೆಯಲ್ಲಿ ಓಡುತ್ತಿರಲಿಲ್ಲ, ಸೋನಿಯ ಬ್ಲೂ-ರೇ ಡಿಸ್ಕ್ ತೋಶಿಬಾದ ಪೆಟ್ಟಿಗೆಯಲ್ಲಿ ಓಡುತ್ತಿರಲಿಲ್ಲ.

ಸ್ಪರ್ಧೆಯಿಂದ ಬೆಲೆ ಬಿತ್ತು ಎಂದು ಆಗ ಎಲ್ಲರೂ ಹೇಳಿದರು. ಅದು ನಿಜವೂ ಹೌದು. ಆದರೆ ಬೆಲೆ ಬೀಳುವುದರಲ್ಲಿ ಎರಡು ಬಗೆಯಿದೆ. ತಯಾರಕ ತನ್ನ ಬೊಕ್ಕಸದ ಹಣ ಸುರಿದು ಬೆಲೆ ಇಳಿಸುವುದು ಒಂದು, ಯಂತ್ರ ಕಟ್ಟುವ ಖರ್ಚೇ ಕಡಿಮೆಯಾಗಿ ಬೆಲೆ ತಾನಾಗಿ ಇಳಿಯುವುದು ಇನ್ನೊಂದು. ಅಂಗಡಿಯಲ್ಲಿ ಅಂಟಿಸಿದ ಚೀಟಿ ನೋಡಿದರೆ ಯಾವುದು ಯಾವುದೆಂದು ತಿಳಿಯದು. ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಬೇಕು.

ಒಳಗಿರುವ ಕೆಲಸ ಕೇಳಲು ಸರಳ. ಡಿಸ್ಕಿನಲ್ಲಿ ಪ್ಲಾಸ್ಟಿಕ್ ಪದರದ ಹಿಂದೆ ಸುರುಳಿಯಾಗಿ ಸಾಗುವ ಒಂದು ಜಾಡು ಇದೆ, ಜಾಡಿನ ಉದ್ದಕ್ಕೂ ಸೂಕ್ಷ್ಮ ಗುಳಿಗಳಿವೆ. ಲೇಸರ್ ಬೆಳಕನ್ನು ಲೆನ್ಸ್ ಒಂದು ಚುಕ್ಕೆಯಾಗಿ ಆ ಜಾಡಿನ ಮೇಲೆ ಕೂರಿಸುತ್ತದೆ. ಚುಕ್ಕೆ ಗುಳಿಯ ಮೇಲೆ ಬಿದ್ದಾಗ ಗುಳಿಯಿಂದ ಮರಳುವ ಅಲೆ, ಸುತ್ತಲಿನ ಸಮತಟ್ಟಿನಿಂದ ಮರಳುವ ಅಲೆ ಒಂದನ್ನೊಂದು ಅಳಿಸುತ್ತವೆ. ಮರಳುವ ಬೆಳಕು ಮಂಕಾಗುತ್ತದೆ. ಗುಳಿ ದಾಟಿದೊಡನೆ ಮತ್ತೆ ಪ್ರಖರವಾಗುತ್ತದೆ. ಈ ಏರಿಳಿತವನ್ನೇ ಓದಿ ಯಂತ್ರ ಚಿತ್ರವನ್ನೂ ಧ್ವನಿಯನ್ನೂ ಕಟ್ಟಿಕೊಡುತ್ತದೆ. ತಿರುಗುವ ಡಿಸ್ಕ್ ಎಂದೂ ಪೂರ್ತಿ ಸಮತಟ್ಟಾಗಿರುವುದಿಲ್ಲ. ಅದು ಓಲಾಡಿದಂತೆಲ್ಲ ಪುಟ್ಟ ಲೆನ್ಸ್ ಸುರುಳಿ ತಂತಿಯ ಕಾಂತಬಲದಿಂದ ಮೇಲೆ ಕೆಳಗೆ ಸರಿಯುತ್ತ ಅದನ್ನು ಹಿಂಬಾಲಿಸುತ್ತದೆ. ಮನೆಯ ಟಿವಿ ಸ್ಟ್ಯಾಂಡಿನ ಮೇಲೆ ಇಷ್ಟು ನಿಖರವಾಗಿ ಚಲಿಸುವ ವಸ್ತುಗಳು ಅಪರೂಪ. ಅದನ್ನು ನೆನೆದರೆ ನನಗೆ ಇಂದಿಗೂ ಬೆರಗು.

ಒಂದು ಡಿಸ್ಕಿನಲ್ಲಿ ಎಷ್ಟು ಹಿಡಿಸಬಹುದೆಂಬುದನ್ನು ಬೆಳಕಿನ ಚುಕ್ಕೆಯ ಗಾತ್ರ ನಿರ್ಧರಿಸುತ್ತದೆ. ದಪ್ಪ ಬೆರಳಿನಿಂದ ರಾಗಿ ಕಾಳನ್ನು ಒಂದೊಂದಾಗಿ ಹೆಕ್ಕಲಾಗದು. ಚುಕ್ಕೆ ಸಣ್ಣದಾಗಲು ಎರಡು ದಾರಿ: ಬೆಳಕಿನ ತರಂಗಾಂತರ ಕಿರಿದಾಗಬೇಕು, ಇಲ್ಲವೇ ಲೆನ್ಸ್ ಬೆಳಕನ್ನು ಇನ್ನಷ್ಟು ಅಗಲದ ಕೋನದಿಂದ ಒಟ್ಟುಗೂಡಿಸಬೇಕು. ಈ ಎರಡನೆಯ ಸಾಮರ್ಥ್ಯವನ್ನು ಎಂಜಿನಿಯರುಗಳು ‘ಎನ್‌ಎ’ ಎಂಬ ಅಂಕಿಯಿಂದ ಸೂಚಿಸುತ್ತಾರೆ. ತರಂಗಾಂತರವನ್ನು ಎನ್‌ಎಯಿಂದ ಭಾಗಿಸಿದರೆ ಚುಕ್ಕೆಯ ಅಗಲದ ಅಂದಾಜು ಸಿಗುತ್ತದೆ.

ಇದನ್ನು ಓದುಗರೇ ಲೆಕ್ಕ ಹಾಕಬಹುದು. ಡಿವಿಡಿಯದು 650 ನ್ಯಾನೋಮೀಟರಿನ ಕೆಂಪು ಲೇಸರ್, ಎನ್‌ಎ 0.6. ಭಾಗಿಸಿದರೆ ಸುಮಾರು 1083. ಬ್ಲೂ-ರೇಯದು 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್, ಎನ್‌ಎ 0.85. ಭಾಗಿಸಿದರೆ 476. ಚುಕ್ಕೆಯ ಅಗಲ 2.27 ಪಟ್ಟು ಕಿರಿದಾಯಿತು, ವಿಸ್ತೀರ್ಣ ಅದರ ವರ್ಗ, ಅಂದರೆ ಐದು ಪಟ್ಟಿಗೂ ತುಸು ಹೆಚ್ಚು ಕಿರಿದಾಯಿತು. ಡಿವಿಡಿಯ ಒಂದು ಪದರದಲ್ಲಿ 4.7 ಜಿಬಿ ಹಿಡಿಸುತ್ತದೆ. ಅದನ್ನು ಐದರಿಂದ ಗುಣಿಸಿದರೆ ಹೆಚ್ಚು ಕಡಿಮೆ ಬ್ಲೂ-ರೇಯ 25 ಜಿಬಿ ಎದುರಿಗೆ ನಿಲ್ಲುತ್ತದೆ. ಎಚ್‌ಡಿ ಡಿವಿಡಿಯದೂ ಅದೇ 405 ನ್ಯಾನೋಮೀಟರ್, ಆದರೆ ಎನ್‌ಎ 0.65. ಲೆಕ್ಕ ಮೂರು ಪಟ್ಟಿಗೆ ನಿಲ್ಲುತ್ತದೆ, ಅದರ ಒಂದು ಪದರದ ಸಾಮರ್ಥ್ಯ 15 ಜಿಬಿ.

ಹಾಗಿದ್ದರೆ ತೋಶಿಬಾ ಯಾಕೆ ದುರ್ಬಲ ಲೆನ್ಸನ್ನು ಆರಿಸಿಕೊಂಡಿತು? ಇಲ್ಲಿದೆ ಆ ಇಡೀ ಜಗಳದ ಬೇರು. ಡಿಸ್ಕ್ ತುಸುವೇ ವಾಲಿದರೂ, ಮೇಲಿನ ಪ್ಲಾಸ್ಟಿಕ್ ಪದರವನ್ನು ಓರೆಯಾಗಿ ಹಾದುಬರುವ ಬೆಳಕಿನ ಚುಕ್ಕೆ ಧೂಮಕೇತುವಿನ ಬಾಲದಂತೆ ಚದುರುತ್ತದೆ. ಈ ದೋಷ ಪದರದ ದಪ್ಪದೊಂದಿಗೆ ಬೆಳೆಯುತ್ತದೆ, ಎನ್‌ಎಯ ಘನದೊಂದಿಗೆ ಬೆಳೆಯುತ್ತದೆ, ತರಂಗಾಂತರ ಕಿರಿದಾದಷ್ಟೂ ಹೆಚ್ಚುತ್ತದೆ. ಡಿವಿಡಿಯ 0.6 ಮಿಲಿಮೀಟರ್ ಪದರವನ್ನೇ ಇಟ್ಟುಕೊಂಡು 0.85ರ ಲೆನ್ಸ್ ಹಾಕಿದ್ದರೆ ದೋಷ ನಾಲ್ಕೂವರೆ ಪಟ್ಟು ಏರುತ್ತಿತ್ತು. ಹಾಗಾಗಿ ಬ್ಲೂ-ರೇ ಗುಂಪು ಪದರವನ್ನು 0.1 ಮಿಲಿಮೀಟರಿಗೆ ಇಳಿಸಿತು. ದೋಷ ಡಿವಿಡಿಗಿಂತಲೂ ಕಡಿಮೆಯಾಯಿತು. ಆದರೆ ಮಾಹಿತಿ ಈಗ ಮೇಲ್ಮೈಗೆ ತೀರ ಹತ್ತಿರ ಬಂದು ಕೂತಿತು. ಒಂದು ಗೀರು, ಒಂದು ಬೆರಳಚ್ಚು ಓದನ್ನೇ ಕೆಡಿಸಬಹುದು. ಮೊದಮೊದಲ ಬ್ಲೂ-ರೇ ಡಿಸ್ಕುಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇಟ್ಟೇ ಬಳಸಬೇಕಿತ್ತು. ಟಿಡಿಕೆಯಂಥ ಕಂಪನಿಗಳು ಗೀರು ತಡೆಯುವ ಗಟ್ಟಿ ಲೇಪ ರೂಪಿಸಿದ ಮೇಲೆ ಆ ಪೆಟ್ಟಿಗೆ ಬೇಡವಾಯಿತು.

ತೋಶಿಬಾ ಹಿಡಿದದ್ದು ಬೇರೆ ದಾರಿ. 0.6 ಮಿಲಿಮೀಟರಿನ ಎರಡು ಫಲಕಗಳನ್ನು ಬೆನ್ನಿಗೆ ಬೆನ್ನು ಅಂಟಿಸುವ ಡಿವಿಡಿಯ ರಚನೆಯನ್ನೇ ಅದು ಉಳಿಸಿಕೊಂಡಿತು. ಜಗತ್ತಿನ ತುಂಬ ಇದ್ದ ಡಿವಿಡಿ ಅಚ್ಚಿನ ಯಂತ್ರಗಳನ್ನು ಸ್ವಲ್ಪ ಮಾರ್ಪಡಿಸಿದರೆ ಸಾಕು, ಎಚ್‌ಡಿ ಡಿವಿಡಿ ಒತ್ತಬಹುದಿತ್ತು. ಬ್ಲೂ-ರೇಗೆ ಕಾರ್ಖಾನೆಯಲ್ಲಿ ಹೊಸ ಸಾಲೇ ಬೇಕು. ಒಂದು ಕಡೆ ಅಗ್ಗದ ಡಿಸ್ಕ್, ಇನ್ನೊಂದು ಕಡೆ ಹೆಚ್ಚು ಹಿಡಿಸುವ ಡಿಸ್ಕ್. 2005ರ ವಸಂತದಲ್ಲಿ ಸೋನಿ, ತೋಶಿಬಾ ಒಂದೇ ವಿನ್ಯಾಸಕ್ಕೆ ಬರಲು ಮಾತುಕತೆ ನಡೆಸಿದವು. 0.1ಕ್ಕೂ 0.6ಕ್ಕೂ ನಡುವೆ ಒಪ್ಪಂದದ ದಪ್ಪ ಎಂಬುದು ಸಿಗಲಿಲ್ಲ.

ಎರಡಕ್ಕೂ ಬೇಕಾಗಿದ್ದ ನೀಲಿ ಲೇಸರ್ ಡಯೋಡ್ ಮಾತ್ರ ಆಗ ನಿಜಕ್ಕೂ ದುಬಾರಿ ವಸ್ತು. ಜಪಾನಿನ ತೊಕುಶಿಮಾ ಪ್ರಾಂತದ ನಿಚಿಯಾ ಎಂಬ ಕಂಪನಿಯಲ್ಲಿ ಶೂಜಿ ನಾಕಾಮುರಾ ಗ್ಯಾಲಿಯಂ ನೈಟ್ರೈಡ್ ಹರಳು ಬೆಳೆಸಿ 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿಯನ್ನೂ, ಕೆಲ ವರ್ಷಗಳ ನಂತರ ಅದೇ ವಸ್ತುವಿನ ಲೇಸರನ್ನೂ ತೋರಿಸಿದ್ದರು. ನೀಲಿ ಎಲ್‌ಇಡಿಗಾಗಿ 2014ರ ನೊಬೆಲ್ ಅವರಿಗೂ ಇಸಾಮು ಅಕಾಸಾಕಿ, ಹಿರೋಶಿ ಅಮಾನೋ ಅವರಿಗೂ ಬಂತು. ಆದರೆ ಪ್ರಯೋಗಾಲಯದಲ್ಲಿ ಒಂದು ಲೇಸರ್ ಹೊತ್ತಿಸುವುದು ಬೇರೆ, ತಿಂಗಳಿಗೆ ಲಕ್ಷಗಟ್ಟಲೆ ಮಾಡುವುದು ಬೇರೆ. ಗ್ಯಾಲಿಯಂ ನೈಟ್ರೈಡ್ ಹರಳಿನಲ್ಲಿ ಪರಮಾಣುಗಳ ಸಾಲು ಅಲ್ಲಲ್ಲಿ ತಪ್ಪಿರುತ್ತದೆ. ಎಲ್‌ಇಡಿ ಅದನ್ನು ಸಹಿಸುತ್ತದೆ, ಲೇಸರ್ ಸಹಿಸದು. ಹೀಗಾಗಿ ತಯಾರಾದ ಡಯೋಡುಗಳಲ್ಲಿ ಬಹಳಷ್ಟು ಪರೀಕ್ಷೆಯಲ್ಲಿ ಸೋತು ತಿಪ್ಪೆ ಸೇರುತ್ತಿದ್ದವು. ಡಯೋಡುಗಳ ಕೊರತೆಯಿಂದಲೇ ಸೋನಿ ಯುರೋಪಿನಲ್ಲಿ ಪ್ಲೇಸ್ಟೇಷನ್ 3ರ ಬಿಡುಗಡೆಯನ್ನು 2007ರ ಮಾರ್ಚ್‌ಗೆ ಮುಂದೂಡಿತು.

ಇಂಥ ಬಿಡಿಭಾಗಗಳನ್ನು ಇಟ್ಟುಕೊಂಡು ಬೆಲೆಯ ಸಮರ ಶುರುವಾಯಿತು. 2006ರ ಏಪ್ರಿಲ್‌ನಲ್ಲಿ ತೋಶಿಬಾದ ಎಚ್‌ಡಿ-ಎ1 499 ಡಾಲರಿಗೆ ಬಂತು. ಜೂನ್‌ನಲ್ಲಿ ಸ್ಯಾಮ್‌ಸಂಗ್ ತನ್ನ ಬ್ಲೂ-ರೇ ಪ್ಲೇಯರಿಗೆ 999 ಡಾಲರ್ ಇಟ್ಟಿತು. ಗ್ರಾಹಕನಿಗೆ ಅರ್ಧಕ್ಕರ್ಧ ವ್ಯತ್ಯಾಸ. ಐಸಪ್ಲೈ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ ತೋಶಿಬಾದ ಪೆಟ್ಟಿಗೆಯನ್ನು ಬಿಚ್ಚಿ ನೋಡಿದಾಗ ಒಳಗೆ ಸಿಕ್ಕಿದ್ದು ಹೆಚ್ಚು ಕಡಿಮೆ ಒಂದು ಕಂಪ್ಯೂಟರ್: ಪೆಂಟಿಯಂ 4 ಪ್ರೊಸೆಸರ್, ಜೊತೆಗೆ 1 ಜಿಬಿ ಮೆಮೊರಿ. ಬಿಡಿಭಾಗಗಳಿಗೇ 674 ಡಾಲರ್ ತಗಲಿದೆಯೆಂದು ಆ ಸಂಸ್ಥೆ ಅಂದಾಜಿಸಿತು. ಅಂದರೆ ಪ್ರತಿ ಮಾರಾಟದಲ್ಲೂ ತೋಶಿಬಾಗೆ ನಷ್ಟ. ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 3ರ ಕತೆಯೂ ಅದೇ. 499 ಡಾಲರಿಗೆ ಮಾರುತ್ತಿದ್ದ ಮಾದರಿಗೆ ಸುಮಾರು 805 ಡಾಲರ್ ಖರ್ಚಾಗಿದೆ ಎಂದು ಅದೇ ಸಂಸ್ಥೆ ಲೆಕ್ಕ ಹಾಕಿತು. ಇದು ಮೊದಲನೆಯ ಬಗೆಯ ಅಗ್ಗ. ಕಂಪನಿಗಳು ತಮ್ಮ ವಿನ್ಯಾಸ ಗೆಲ್ಲಲಿ ಎಂದು ಕಟ್ಟಿದ ಹಣ.

ಸೋನಿಗೆ ಆ ನಷ್ಟವನ್ನು ಆಟಗಳ ಮಾರಾಟದಲ್ಲಿ ಹಿಂಪಡೆಯುವ ದಾರಿ ಇತ್ತು. ತೋಶಿಬಾಗೆ ಇರಲಿಲ್ಲ. ಇನ್ನೂ ಗಂಭೀರವಾದ ಒಂದು ಮಾತಿದೆ, ಬೆಲೆ ಇಳಿಕೆಯ ಸಂಭ್ರಮದಲ್ಲಿ ಹೆಚ್ಚಿನವರು ಅದನ್ನು ಗಮನಿಸಲಿಲ್ಲ. ತೋಶಿಬಾ ತಾನೇ ನೂರು ಡಾಲರಿಗೆ ಪ್ಲೇಯರ್ ಮಾರಿದರೆ ಬೇರೆ ಯಾವ ತಯಾರಕ ಎಚ್‌ಡಿ ಡಿವಿಡಿ ಪ್ಲೇಯರ್ ಮಾಡಲು ಮುಂದೆ ಬರುತ್ತಾನೆ? ಬ್ಲೂ-ರೇ ಕಡೆ ಸೋನಿಯ ಜೊತೆ ಪ್ಯಾನಸೋನಿಕ್, ಸ್ಯಾಮ್‌ಸಂಗ್, ಫಿಲಿಪ್ಸ್, ಪಯೋನಿಯರ್, ಶಾರ್ಪ್ ನಿಂತಿದ್ದವು. ಎಚ್‌ಡಿ ಡಿವಿಡಿ ಪ್ಲೇಯರುಗಳನ್ನು ಬಹುಪಾಲು ತೋಶಿಬಾ ಒಂದೇ ಮಾಡುತ್ತಿತ್ತು. ಪ್ರತಿ ಇಳಿಕೆಯೂ ಅದನ್ನು ಇನ್ನಷ್ಟು ಒಂಟಿಯಾಗಿಸಿತು.

ಪ್ಲೇಯರುಗಳ ಬೆಲೆ ಹೀಗೆ ಕುಸಿಯುತ್ತಿದ್ದರೂ ಡಿಸ್ಕುಗಳ ಬೆಲೆ ಅಷ್ಟಾಗಿ ಇಳಿಯಲಿಲ್ಲ. ಹೊಸ ಸಿನಿಮಾದ ಡಿಸ್ಕಿಗೆ 35, 40 ಡಾಲರ್ ಪಟ್ಟಿ ಬೆಲೆ ಸಾಮಾನ್ಯವಾಗಿತ್ತು. ‘ಒಂದು ಕೊಂಡರೆ ಒಂದು ಉಚಿತ’ ಎಂಬ ಮಾರಾಟಗಳು ಆಗೀಗ ನಡೆದವು. ಸಿನಿಮಾದ ಹಕ್ಕು ಒಂದೊಂದು ಸ್ಟುಡಿಯೋದ ಕೈಯಲ್ಲಿ ಇರುವಾಗ ಪ್ಲೇಯರುಗಳ ಜಗಳ ಡಿಸ್ಕಿನ ಬೆಲೆಯನ್ನು ಹೇಗೆ ಇಳಿಸೀತು? ಒಂದು ಸಿನಿಮಾ ಬೇಕೆಂದವನು ಅದು ಬಂದ ವಿನ್ಯಾಸವನ್ನೇ ಕೊಳ್ಳಬೇಕು. ಸ್ಪರ್ಧೆಯ ಹಣ ಸ್ಟುಡಿಯೋಗಳ ಕಡೆಗೇ ಹರಿಯಿತು. 2007ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್, ಡ್ರೀಮ್‌ವರ್ಕ್ಸ್ ಆ್ಯನಿಮೇಷನ್ ಎರಡೂ ಎಚ್‌ಡಿ ಡಿವಿಡಿಗೆ ಮಾತ್ರ ಸೀಮಿತವಾದಾಗ, ಇದಕ್ಕಾಗಿ ಅವುಗಳಿಗೆ ಒಟ್ಟು 15 ಕೋಟಿ ಡಾಲರ್ ಮೊತ್ತದ ಉತ್ತೇಜನ ಸಿಕ್ಕಿತೆಂದು ಪತ್ರಿಕೆಗಳು ವರದಿ ಮಾಡಿದವು. ಆ ಹಣದಿಂದ ಡಿಸ್ಕಿನ ಬೆಲೆ ತಗ್ಗಲಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಜನರೋ ಕಾದು ಕೂತರು. ಸೋಲುವ ಕಡೆಯ ಪೆಟ್ಟಿಗೆ ಕೊಂಡು ಹಣ ಕಳೆದುಕೊಳ್ಳಲು ಯಾರಿಗೆ ಇಷ್ಟ? ಹಳೆಯ ಡಿವಿಡಿಯೇ ಸಾಕು ಎಂದವರೇ ಹೆಚ್ಚು. ಜನ ಕೊಳ್ಳದಿದ್ದರೆ ಉತ್ಪಾದನೆ ಏರದು, ಉತ್ಪಾದನೆ ಏರದಿದ್ದರೆ ಡಯೋಡಿನ ಖರ್ಚು ಇಳಿಯದು. ಚೀಟಿಯ ಮೇಲಿನ ಬೆಲೆಯನ್ನು ಕೆಳಕ್ಕೆ ಎಳೆದ ಅದೇ ಜಗಳ ಎರಡನೆಯ ಬಗೆಯ ಇಳಿಕೆಯನ್ನು ತಡೆದು ನಿಲ್ಲಿಸಿತ್ತು.

ಕೊನೆ ಬೇಗನೆ ಬಂತು. 2008ರ ಜನವರಿ 4ರಂದು ವಾರ್ನರ್ ಬ್ರದರ್ಸ್ ಬ್ಲೂ-ರೇ ಕಡೆಗೆ ವಾಲಿತು. ತೋಶಿಬಾ ಬೆಲೆ ಇನ್ನೂ ಕಡಿತ ಮಾಡಿ ನೋಡಿತು. ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್, ವಾಲ್‌ಮಾರ್ಟ್ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟವು, ಫೆಬ್ರವರಿ 19ರಂದು ತೋಶಿಬಾ ಅಧ್ಯಕ್ಷ ಅತ್ಸುತೋಶಿ ನಿಶಿದಾ ಅದನ್ನು ನಿಲ್ಲಿಸುವುದಾಗಿ ಘೋಷಿಸಿದರು. ಎದುರಾಳಿ ಹೋದ ಮೇಲೆ ಕೆಲವು ತಿಂಗಳು ಬ್ಲೂ-ರೇ ಪ್ಲೇಯರುಗಳ ಬೆಲೆ ಇಳಿಯುವ ಬದಲು ಬಿಗಿಯಾಯಿತು, ಕೆಲವು ಮಾದರಿಗಳದ್ದು ತುಸು ಏರಿತು. ಹಬ್ಬದ ಕಾಲದ ರಿಯಾಯಿತಿ ಮಾಯವಾಗಿತ್ತು. ನಿಜವಾದ ಇಳಿಕೆ ಅದೇ ವರ್ಷದ ಕೊನೆಗೆ ಶುರುವಾಯಿತು. ಡಯೋಡುಗಳು ಧಾರಾಳವಾಗಿ ಸಿಗತೊಡಗಿದವು, ಸಂಕೇತವನ್ನು ಬಿಡಿಸಿ ಚಿತ್ರ ಕಟ್ಟುವ ಕೆಲಸಕ್ಕೆ ಒಂದೇ ಚಿಪ್ ಸಾಕಾಯಿತು, ಹೊಸ ಹೊಸ ತಯಾರಕರು ಕಣಕ್ಕಿಳಿದರು. 2008ರ ನವೆಂಬರ್‌ನಲ್ಲಿ 200 ಡಾಲರಿಗಿಂತ ಕಡಿಮೆಗೆ ಬ್ಲೂ-ರೇ ಪ್ಲೇಯರ್ ಸಿಗುತ್ತಿತ್ತು, ಮರುವರ್ಷದ ಹಬ್ಬದ ಮಾರಾಟದಲ್ಲಿ 100ಕ್ಕೂ ಕಡಿಮೆ. ಈ ಸಲ ಇಳಿದ ಬೆಲೆ ಮತ್ತೆ ಮೇಲೇರಲಿಲ್ಲ. 2009ರಲ್ಲಿ ತೋಶಿಬಾ ಕೂಡ ಬ್ಲೂ-ರೇ ಒಕ್ಕೂಟ ಸೇರಿ ತನ್ನದೇ ಪ್ಲೇಯರನ್ನು ಸುಮಾರು 250 ಡಾಲರಿಗೆ ತಂದಿತು.

ಡಿವಿಡಿಯ ಕತೆ ಇದಕ್ಕೆ ಹೋಲಿಸಿ ನೋಡಲು ತಕ್ಕದ್ದು. 1995ರಲ್ಲೂ ಹೀಗೆಯೇ ಎರಡು ಬಣಗಳಿದ್ದವು, ಒಂದು ಸೋನಿ ಮತ್ತು ಫಿಲಿಪ್ಸ್‌ನದು, ಇನ್ನೊಂದು ತೋಶಿಬಾ ಮತ್ತು ಟೈಮ್ ವಾರ್ನರ್‌ನದು. ಎರಡು ಬಗೆಯ ಡಿಸ್ಕನ್ನು ನಾವು ಒಪ್ಪುವುದಿಲ್ಲ ಎಂದು ಐಬಿಎಂ ಸೇರಿದಂತೆ ಕಂಪ್ಯೂಟರ್ ಕಂಪನಿಗಳು ಪಟ್ಟು ಹಿಡಿದವು. ತೋಶಿಬಾದ ಜೋಡಿ ಫಲಕ, ಸೋನಿ-ಫಿಲಿಪ್ಸ್‌ನ ಸಂಕೇತ ವಿಧಾನ ಸೇರಿ ಒಂದೇ ಡಿವಿಡಿ ಹುಟ್ಟಿತು. ಜಗಳವೇ ಇಲ್ಲದೆ ಅದರ ಪ್ಲೇಯರುಗಳು 1997ರ 600 ಡಾಲರಿನಿಂದ ಐದಾರು ವರ್ಷಗಳಲ್ಲಿ 100ರ ಕೆಳಗೆ ಬಂದವು. ಒಂದೇ ವಿನ್ಯಾಸವನ್ನು ಜಪಾನ್, ಕೊರಿಯಾ, ಚೀನಾಗಳ ಹತ್ತಾರು ಕಾರ್ಖಾನೆಗಳು ಪೈಪೋಟಿಯಿಂದ ಮಾಡಿದ ಫಲ ಅದು. ಬೆಲೆಯನ್ನು ನಿಜವಾಗಿ ಇಳಿಸುವ ಸ್ಪರ್ಧೆ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ನಮ್ಮ ದೇಶದಲ್ಲಿ ಆ ಹೊತ್ತಿಗೆ ನೀಲಿ ಲೇಸರಿನ ಜಗಳ ಹೆಚ್ಚಿನ ಮನೆಗಳನ್ನು ಮುಟ್ಟಲೇ ಇಲ್ಲ. ಇಲ್ಲಿ ಆಗ ಸುದ್ದಿ ಮಾಡಿದ್ದು ಮೋಸರ್ ಬೇರ್. ಖಾಲಿ ಡಿಸ್ಕುಗಳ ತಯಾರಿಕೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದ ಆ ಭಾರತೀಯ ಕಂಪನಿ 2007ರ ಸುಮಾರಿಗೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಸಿನಿಮಾಗಳ ಹಕ್ಕು ಕೊಂಡು, ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಅದರ ಎದುರಾಳಿ ಇನ್ನೊಂದು ವಿನ್ಯಾಸವಾಗಿರಲಿಲ್ಲ, ರಸ್ತೆ ಬದಿಯ ನಕಲಿ ಡಿಸ್ಕ್ ಆಗಿತ್ತು. ಹಕ್ಕು ಮತ್ತು ಅಚ್ಚು ಎರಡೂ ಒಂದೇ ಕೈಯಲ್ಲಿ ಇದ್ದುದರಿಂದ ಅಮೆರಿಕದಲ್ಲಿ ಇಳಿಯದೆ ನಿಂತ ಡಿಸ್ಕಿನ ಬೆಲೆ ಇಲ್ಲಿ ಇಳಿಯಿತು.

ಬ್ಲೂ-ರೇ ಈಗಲೂ ಇದೆ. 2016ರಲ್ಲಿ ಬಂದ 4ಕೆ ಡಿಸ್ಕಿನಲ್ಲಿ ಮೂರು ಪದರಗಳಿಗೆ 100 ಜಿಬಿ ಹಿಡಿಸುತ್ತದೆ. ಲೇಸರ್ ಅದೇ 405 ನ್ಯಾನೋಮೀಟರ್, ಲೆನ್ಸ್ ಅದೇ 0.85. ಅದಕ್ಕೆ ಎದುರಾಳಿ ವಿನ್ಯಾಸ ಯಾವುದೂ ಬರಲಿಲ್ಲ. ಆದರೆ ತಯಾರಕರು ಒಬ್ಬೊಬ್ಬರಾಗಿ ಹೊರನಡೆದಿದ್ದಾರೆ: ಸ್ಯಾಮ್‌ಸಂಗ್ 2019ರಲ್ಲಿ ಅಮೆರಿಕಕ್ಕೆ ಹೊಸ ಮಾದರಿ ತರುವುದನ್ನು ನಿಲ್ಲಿಸಿತು, 2024ರಲ್ಲಿ ಎಲ್‌ಜಿ ತನ್ನ ಪ್ಲೇಯರುಗಳಿಗೆ ವಿದಾಯ ಹೇಳಿತು. ಉಳಿದವರಲ್ಲಿ ಮುಖ್ಯರು ಸೋನಿ, ಪ್ಯಾನಸೋನಿಕ್. ಡಯೋಡ್ ಅಗ್ಗವಾಗಿದೆ, ಚಿಪ್ ಅಗ್ಗವಾಗಿದೆ, ಆದರೂ ಪ್ಯಾನಸೋನಿಕ್ಕಿನ ಒಳ್ಳೆಯ 4ಕೆ ಪ್ಲೇಯರಿನ ಬೆಲೆ ವರ್ಷಗಳಿಂದ ನಾನೂರು, ಐನೂರು ಡಾಲರಿನ ಆಸುಪಾಸಿನಲ್ಲೇ ನಿಂತಿದೆ.