ಕೆಲಸಕ್ಕೆ ಮೊದಲೇ ಕಾಸು ಕೇಳಿದರೆ...

ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಾಲಜಿ ಎಂದು ಓದುತ್ತಿರುವ ಮಕ್ಕಳು ನಮ್ಮ ಸಂಘದ ಮನೆಗಳಲ್ಲಿ ಈಗ ಬಹಳ ಮಂದಿ ಇದ್ದೀರಿ. ಚೆನ್ನೈನಂಥ ಆಸ್ಪತ್ರೆಗಳ ಊರಿನಲ್ಲಿ ನಿಮಗೆ ಕೆಲಸಕ್ಕೇನು ಬರ ಎಂದು ಹಿರಿಯರು ಹೇಳುತ್ತಾರೆ. ಆದರೆ ಕೆಲಸ ಹುಡುಕುವ ಮಕ್ಕಳನ್ನೇ ಹುಡುಕುವವರೂ ಇಲ್ಲಿದ್ದಾರೆ, ಜೋಕೆ!

ನಮ್ಮ ಮನೆಯಲ್ಲೇ ನಡೆದದ್ದು ಕೇಳಿ. ನನ್ನ ತಂಗಿಯ ಮಗಳು ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಗ ಒಂದು ಫೋನ್ ಬಂತು. ದೊಡ್ಡ ಆಸ್ಪತ್ರೆಯೊಂದರ ಹೆಸರು ಹೇಳಿ, "ನಿಮ್ಮ ಬಯೋಡೇಟಾ ನೋಡಿ ಆರಿಸಿದ್ದೇವೆ, ಇಂಟರ್‌ವ್ಯೂ ಬೇಡ" ಎಂದರಂತೆ. ಮಾತೆಲ್ಲ ಅಚ್ಚ ಕನ್ನಡದಲ್ಲಿ! "ನಮ್ಮವರ ಹುಡುಗಿ ಅಂತ ಹೇಳ್ತಿದ್ದೀನಮ್ಮ" ಎಂಬ ಒಗ್ಗರಣೆ ಬೇರೆ. ಬಯೋಡೇಟಾದಲ್ಲಿ ಮಾತೃಭಾಷೆ ಕನ್ನಡ ಎಂದು ಬರೆದವಳು ತಾನೇ ಎಂಬುದು ಅವಳಿಗೆ ಹೊಳೆಯಲಿಲ್ಲ. ನೋಂದಣಿಗೆಂದು 3,000 ರೂಪಾಯಿ ಕಳಿಸಿಬಿಟ್ಟಳು.

ಆರು ದಿನ ಕಳೆದ ಮೇಲೆ ಯೂನಿಫಾರಂ, ತರಬೇತಿ ಎಂದು ಇನ್ನೂ 12,000 ಕೇಳಿದರು. "ಮೊದಲ ಸಂಬಳದ ಜೊತೆ ವಾಪಸ್ ಕೊಡ್ತಾರೆ ದೊಡ್ಡಮ್ಮ, ಅಮ್ಮನಿಗೆ ಹೇಳಬೇಡಿ" ಎಂದು ಸಾಲ ಕೇಳಲು ನನ್ನ ಬಳಿ ಬಂದಳು. ಕಾಫಿ ಕೊಟ್ಟು ಒಂದೇ ಮಾತು ಕೇಳಿದೆ: "ಸಂಬಳ ಕೊಡುವವರು ಅವರಾ, ನೀನಾ?" ಆಸ್ಪತ್ರೆಯ ಸ್ವಂತ ನಂಬರಿಗೆ ಇಬ್ಬರೂ ಫೋನ್ ಮಾಡಿದೆವು. ಅಂಥ ಆಯ್ಕೆಯೇ ನಡೆದಿಲ್ಲ, ನಾವು ಯಾರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ ಎಂದರು.

ವಿದೇಶದ ಕೆಲಸವಾದರೆ ಮೊತ್ತ ಇನ್ನೂ ದೊಡ್ಡದು. 2015ರಲ್ಲಿ ಕೊಚ್ಚಿಯಲ್ಲಿ ಸಿಬಿಐ ಹಿಡಿದ ಪ್ರಕರಣ ನೆನಪಿಡಿ. ಕುವೈತಿಗೆ ನರ್ಸುಗಳನ್ನು ಕಳಿಸಲು ಏಜೆನ್ಸಿ ಪಡೆಯಬೇಕಾಗಿದ್ದ ಶುಲ್ಕ 19,500 ರೂಪಾಯಿ. ಒಬ್ಬೊಬ್ಬರಿಂದ 19.5 ಲಕ್ಷ ವಸೂಲು ಮಾಡಿದರೆಂಬುದು ಆರೋಪ. ನೂರು ಪಟ್ಟು! ಅದು ಬೋರ್ಡು ಹಾಕಿಕೊಂಡು ನಡೆಯುತ್ತಿದ್ದ ಏಜೆನ್ಸಿಯೇ. ಆದ್ದರಿಂದ ಲೈಸೆನ್ಸ್ ನೋಡಿದರೆ ಸಾಲದು, ಕೇಳುವ ಮೊತ್ತವನ್ನೂ ನೋಡಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇಷ್ಟು ನೆನಪಿರಲಿ:

1. ಫೋನ್ ಮಾಡಿದವರು ಕೊಟ್ಟ ನಂಬರಿಗಲ್ಲ, ಆಸ್ಪತ್ರೆಯ ಸ್ವಂತ ನಂಬರಿಗೆ ಕರೆಮಾಡಿ ವಿಚಾರಿಸಿ.

2. ಮೂಲ ಸರ್ಟಿಫಿಕೇಟನ್ನು ಯಾರ ಕೈಗೂ ಕೊಟ್ಟು ಬರಬೇಡಿ, ಓಟಿಪಿ ಹೇಳಬೇಡಿ.

3. ತಮಿಳುನಾಡು ಸರ್ಕಾರಿ ಆಸ್ಪತ್ರೆಗಳ ನರ್ಸ್ ಹುದ್ದೆಗಳನ್ನು ತುಂಬುವುದು 2012ರಲ್ಲಿ ಆರಂಭವಾದ ಮೆಡಿಕಲ್ ಸರ್ವೀಸಸ್ ರಿಕ್ರೂಟ್‌ಮೆಂಟ್ ಬೋರ್ಡ್. "ಒಳಗಡೆ ಹೇಳಿ ಕೊಡಿಸುತ್ತೇನೆ" ಎನ್ನುವವರನ್ನು ಹತ್ತಿರ ಸೇರಿಸಬೇಡಿ.

4. ವಿದೇಶಕ್ಕೆ ಕಳಿಸುವ ಏಜೆಂಟರು 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್‌ನಲ್ಲಿ ಪಟ್ಟಿ ಇದೆ. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯೇ ಮಿತಿ. ಹಣ ಕೊಟ್ಟರೆ ರಸೀದಿ ಪಡೆಯಿರಿ.

5. ನಮ್ಮ ಚೆನ್ನೈನಲ್ಲೇ 1978ರಿಂದ ರಾಜ್ಯ ಸರ್ಕಾರದ ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಷನ್ ಇದೆ. ಮೊದಲು ಅಲ್ಲಿ ಕೇಳಿ. ಹೊರದೇಶದ ಕೆಲಸದ ಸಂದೇಹಗಳಿಗೆ ಕೇಂದ್ರದ ಉಚಿತ ಸಹಾಯವಾಣಿ 1800 11 3090.

ನಮ್ಮ ಹುಡುಗಿಯ 3,000 ಮಾತ್ರ ಹಿಂದಿರುಗಲಿಲ್ಲ. ಕಳಿಸಿದ ದಿನವೇ 1930ಕ್ಕೆ ಫೋನ್ ಮಾಡಿದ್ದರೆ ಬ್ಯಾಂಕಿನಲ್ಲೇ ತಡೆಹಿಡಿಯುವ ಅವಕಾಶವಿತ್ತು. ಆರು ದಿನ ಬಾಯಿ ಬಿಡಲಿಲ್ಲ. ಅವಳು ಅತ್ತಿದ್ದು ಹಣಕ್ಕಲ್ಲ, "ಇಷ್ಟು ಓದಿಯೂ ಮೋಸಹೋದೆನಲ್ಲ" ಎಂಬ ನಾಚಿಕೆಗೆ. ಆ ನಾಚಿಕೆಯೇ ಮೋಸಗಾರರಿಗೆ ಬಂಡವಾಳ.

ಮಕ್ಕಳೇ, ನಿಮ್ಮ ಅಪ್ಪ ಅಮ್ಮಂದಿರು ಈ ಊರಿಗೆ ಬಂದಾಗ ಕನ್ನಡ ಕಿವಿಗೆ ಬಿದ್ದರೆ ಸಾಕು, ನಂಬಿಬಿಡುತ್ತಿದ್ದರು. ಆ ಪ್ರೀತಿ ಇರಲಿ. ಆದರೆ ಕನ್ನಡ ಮಾತನಾಡುವುದು ಪ್ರಾಮಾಣಿಕತೆಯ ಸರ್ಟಿಫಿಕೇಟಲ್ಲ. ಹಣ ಕಳಿಸುವ ಮೊದಲು ಮನೆಯಲ್ಲಿ ಹೇಳಿ. ಕಳಿಸಿಬಿಟ್ಟಿದ್ದರೆ, ಈಗಲೇ ಹೇಳಿ. ಬೈಯುತ್ತಾರೆ ನಿಜ, ಆದರೆ ಜೊತೆಗೂ ನಿಲ್ಲುತ್ತಾರೆ. ಮನೆಯಲ್ಲಿ ಹೇಳಲು ಭಯವಾದರೆ, ಸಂಘದಲ್ಲಿ ನನ್ನಂಥ ದೊಡ್ಡಮ್ಮಂದಿರು ಇದ್ದೇ ಇದ್ದೇವೆ.