ಬಂದರಿನಲ್ಲಿ ಖಾಲಿ ಜಾಗ ಎಲ್ಲಿದೆ?

ವರ್ಕಾಡಿಯ ನಮಗೆ ದೊಡ್ಡಾಸ್ಪತ್ರೆ, ಕಾಲೇಜು, ಬಟ್ಟೆಯಂಗಡಿ ಎಲ್ಲಕ್ಕೂ ಮಂಗಳೂರೇ ಪೇಟೆ. ಆ ಪೇಟೆಯ ಹಳೇ ಬಂದರನ್ನು ಸ್ವಲ್ಪ ನೋಡೋಣ.

1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾಯಿತು. ದೊಡ್ಡ ಹಡಗುಗಳು ಅತ್ತ ಹೋದವು. ಹಾಗಂತ ಹಳೇ ಬಂದರು ಸುಮ್ಮನೆ ಕೂರಲಿಲ್ಲ. ಲಕ್ಷದ್ವೀಪಕ್ಕೆ ದಿನಸಿ, ಕಟ್ಟಡ ಸಾಮಗ್ರಿ ಇಲ್ಲಿಂದ ಹೋಗುತ್ತದೆ. ಮೀನಿನ ದಕ್ಕೆಯಲ್ಲಿ ಬೆಳ್ಳಂಬೆಳಗ್ಗೆ ಬಂಗುಡೆ, ಬೂತಾಯಿಯ ಹರಾಜು. ಎದುರಿನ ಬೆಂಗ್ರೆಯವರು ಹೊಳೆ ದಾಟಿ ಕೆಲಸಕ್ಕೆ ಬರುತ್ತಾರೆ.

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನೇತ್ರಾವತಿ ದಂಡೆಯಲ್ಲಿ ನಡಿಗೆ ಪಥದ ಕೆಲಸ ನಡೆದಿದೆ. ನೀರಿನ ಬದಿ ಹಾಯಾಗಿ ಕೂರಲು ಊರಿನವರಿಗೂ ಪ್ರವಾಸಿಗರಿಗೂ ಜಾಗ ಬೇಕು, ಅದು ಒಳ್ಳೆಯದೇ. ಆದರೆ ಬಲೆ ಹೆಣೆಯುವ, ದೋಣಿ ರಿಪೇರಿ ಮಾಡುವ ದಡ ಇಂಥ ಯೋಜನೆಗಳ ನಕ್ಷೆಯಲ್ಲಿ ಖಾಲಿಯಾಗಿ ಕಾಣುತ್ತದೆ. ಜೂನ್ 1ರಿಂದ ಜುಲೈ 31, ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ. ಬೋಟುಗಳೆಲ್ಲ ಒಟ್ಟಿಗೆ ದಡ ಸೇರಿದಾಗ ಒಂದು ಗೇಣು ಜಾಗವೂ ಉಳಿಯುವುದಿಲ್ಲ.

ಊರಿನವರಿಗೂ ಪ್ರವಾಸಿಗರಿಗೂ ಒಂದೇ ಏರ್ಪಾಡು ಸಾಕು ಎಂಬುದಕ್ಕೆ ಕೊಚ್ಚಿಯನ್ನು ನೋಡಿ. 2023ರಲ್ಲಿ ಶುರುವಾದ ವಾಟರ್ ಮೆಟ್ರೋ ಇರುವುದು ದ್ವೀಪದ ಜನರ ದಿನದ ಓಡಾಟಕ್ಕೆ. ಪ್ರವಾಸಿಗರೂ ಅದನ್ನೇ ಹತ್ತುತ್ತಾರೆ. ಬೆಂಗ್ರೆಗೂ ಅಂಥದ್ದೇ ಬೇಕು ಎಂಬುದು ನನ್ನ ಅಭಿಪ್ರಾಯ.

ದಂಡೆಯ ನಕ್ಷೆ ಬರೆಯುವವರೇ, ಪೆನ್ಸಿಲ್ ಹಿಡಿಯುವ ಮೊದಲು ಒಮ್ಮೆ ಜೂನ್ ತಿಂಗಳಲ್ಲಿ ದಕ್ಕೆಗೆ ಬನ್ನಿ.