ಸ್ವನಿರ್ಮಿತ ಫೈರ್‌ವಾಲ್

ಸ್ವನಿರ್ಮಿತ ಫೈರ್‌ವಾಲ್ ಎಂಬುದು ಸಾಮಾನ್ಯ ಕಂಪ್ಯೂಟರಿನ ಬಿಡಿಭಾಗಗಳಿಂದ ರೂಪಿಸಿ, ಮನೆ ಅಥವಾ ಸಣ್ಣ ಕಚೇರಿಯ ಜಾಲಕ್ಕೂ ಅಂತರಜಾಲಕ್ಕೂ ನಡುವೆ ಕಾವಲಿಗೆ ಇರಿಸುವ ಪ್ರತ್ಯೇಕ ಯಂತ್ರ. ಅಂತರಜಾಲದೊಡನೆ ನಡೆಯುವ ಎಲ್ಲ ಸಂಪರ್ಕಗಳಿಗೂ ಇದೊಂದೇ ಹೆಬ್ಬಾಗಿಲು. ಇದರ ಬಲವು ಯಂತ್ರದ ಬೆಲೆಗಿಂತ ಅದರಲ್ಲಿ ಬರೆದಿಡುವ ನಿಯಮಗಳನ್ನೂ ನಿರಂತರ ನಿರ್ವಹಣೆಯನ್ನೂ ಅವಲಂಬಿಸಿದೆ.

ಇತಿಹಾಸ

ಮ್ಯಾನುಯೆಲ್ ಕಾಸ್ಪರ್ ಅವರು 2003ರಲ್ಲಿ ಫ್ರೀಬಿಎಸ್‌ಡಿ ಆಧಾರಿತ ಮೊನೊವಾಲ್ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದರು. ಇದರ ನಿಯಮಗಳನ್ನು ಬ್ರೌಸರಿನ ಮೂಲಕವೇ ಹೊಂದಿಸಬಹುದಾಗಿತ್ತು. 2004ರಲ್ಲಿ ಇದರಿಂದ ಪಿಎಫ್‌ಸೆನ್ಸ್ ಕವಲೊಡೆಯಿತು. 2015ರಲ್ಲಿ ಪಿಎಫ್‌ಸೆನ್ಸ್‌ನಿಂದ ಓಪಿಎನ್‌ಸೆನ್ಸ್ ಹುಟ್ಟಿತು. ಅದೇ ವರ್ಷ ಮೊನೊವಾಲ್ ಯೋಜನೆಯು ಮುಕ್ತಾಯಗೊಂಡಿತು. ಐಪಿಫೈರ್ ಎಂಬುದು ಲಿನಕ್ಸ್ ಆಧಾರಿತ ಪರ್ಯಾಯ.

ಬಿಡಿಭಾಗಗಳು

64 ಬಿಟ್‌ನ ಹಳೆಯ ಪ್ರೊಸೆಸರ್, ಕೆಲವು ಜಿಬಿ ರ‍್ಯಾಮ್ ಮತ್ತು ಚಿಕ್ಕ ಎಸ್‌ಎಸ್‌ಡಿ ಮನೆಯ ಬಳಕೆಗೆ ಸಾಕಾಗುತ್ತವೆ. ಅತ್ಯಗತ್ಯವಾದುದು ಎರಡು ನೆಟ್‌ವರ್ಕ್ ಪೋರ್ಟ್‌ಗಳು: ಒಂದು ಹೊರಗಿನ ಮೋಡೆಮ್‌ಗೆ, ಮತ್ತೊಂದು ಒಳಗಿನ ಸ್ವಿಚ್‌ಗೆ. ಮದರ್‌ಬೋರ್ಡಿನಲ್ಲಿ ಒಂದೇ ಪೋರ್ಟ್ ಇದ್ದರೆ ಇನ್ನೊಂದು ನೆಟ್‌ವರ್ಕ್ ಕಾರ್ಡನ್ನು ಸೇರಿಸಬೇಕು. ಮಾನಿಟರ್ ಮತ್ತು ಕೀಬೋರ್ಡ್ ಸಾಮಾನ್ಯವಾಗಿ ಸ್ಥಾಪನೆಯ ವೇಳೆ ಮಾತ್ರ ಬೇಕಾಗುತ್ತವೆ.

ಸ್ಥಾಪನೆ

ತಂತ್ರಾಂಶವನ್ನು ಯುಎಸ್‌ಬಿ ಡ್ರೈವ್‌ಗೆ ಬರೆದು, ಅದರಿಂದ ಯಂತ್ರವನ್ನು ಚಾಲನೆಗೊಳಿಸಲಾಗುತ್ತದೆ. ಸ್ಥಾಪನೆಯು ಡಿಸ್ಕಿನಲ್ಲಿರುವ ಹಳೆಯ ಕಡತಗಳನ್ನು ಅಳಿಸಿಹಾಕುವುದರಿಂದ ಅವುಗಳ ಪ್ರತಿಯನ್ನು ಮೊದಲೇ ತೆಗೆದಿಡಬೇಕು. ಬಳಿಕ ಹೊರ ಮತ್ತು ಒಳ ಪೋರ್ಟ್‌ಗಳನ್ನು ಗುರುತಿಸಿ, ಒಳಜಾಲದ ಕಂಪ್ಯೂಟರಿನ ಬ್ರೌಸರಿನಲ್ಲಿ ನಿರ್ವಹಣಾ ಪುಟವನ್ನು ತೆರೆಯಬೇಕು. ಪಿಎಫ್‌ಸೆನ್ಸ್ ಮತ್ತು ಓಪಿಎನ್‌ಸೆನ್ಸ್‌ಗಳಲ್ಲಿ ಅದರ ಪೂರ್ವನಿಯೋಜಿತ ವಿಳಾಸ 192.168.1.1. ಮೋಡೆಮ್ ಕೂಡ ಇದೇ ವಿಳಾಸಶ್ರೇಣಿಯನ್ನು ಬಳಸುತ್ತಿದ್ದರೆ ಒಳಜಾಲಕ್ಕೆ ಬೇರೆ ಶ್ರೇಣಿಯನ್ನು ಕೊಡಬೇಕು. ಎಲ್ಲರಿಗೂ ತಿಳಿದಿರುವ ಆರಂಭಿಕ ಗುಪ್ತಪದವನ್ನು ಕೂಡಲೇ ಬದಲಿಸುವುದು ಅಗತ್ಯ.

ಕಾರ್ಯವಿಧಾನ

ಒಳಗಿನ ಸಾಧನವೊಂದು ಹೊರಗಿನ ಜಾಲತಾಣವನ್ನು ಸಂಪರ್ಕಿಸಿದಾಗ ಫೈರ್‌ವಾಲ್ ಆ ಸಂಪರ್ಕವನ್ನು ತನ್ನ ಪಟ್ಟಿಯಲ್ಲಿ ದಾಖಲಿಸಿಕೊಳ್ಳುತ್ತದೆ. ಮರಳಿ ಬರುವ ದತ್ತಾಂಶದ ಪೊಟ್ಟಣಗಳು ಆ ದಾಖಲೆಗೆ ಹೊಂದಿದರೆ ಒಳಬಿಡುತ್ತದೆ. ಕೇಳದೆಯೇ ಹೊರಗಿನಿಂದ ಬರುವ ಪೊಟ್ಟಣಗಳನ್ನು, ಅನುಮತಿಸುವ ನಿಯಮವಿಲ್ಲದಿದ್ದರೆ, ತಿರಸ್ಕರಿಸುತ್ತದೆ. ಆದುದರಿಂದ ಅನಗತ್ಯವಾಗಿ ಸೇರಿಸಿದ ಪ್ರತಿಯೊಂದು ಅನುಮತಿಯೂ ಗೋಡೆಯಲ್ಲಿ ತೆರೆದ ಕಿಂಡಿಯಾಗುತ್ತದೆ.

ಮಿತಿಗಳು

ಒಂದೇ ಸ್ವಿಚ್‌ಗೆ ಸೇರಿದ ಸಾಧನಗಳ ಪರಸ್ಪರ ಸಂವಹನವು ಸಾಮಾನ್ಯವಾಗಿ ಫೈರ್‌ವಾಲನ್ನು ಹಾದುಹೋಗುವುದಿಲ್ಲ. ಪೆನ್‌ಡ್ರೈವ್‌ನಿಂದ ಬರುವ ವೈರಸ್ಸನ್ನಾಗಲಿ, ವಂಚನೆಯ ಕೊಂಡಿಯನ್ನು ನಂಬಿ ಬಳಕೆದಾರರೇ ಗುಪ್ತಪದವನ್ನು ಒಪ್ಪಿಸುವುದನ್ನಾಗಲಿ ಇದು ತಡೆಯಲಾರದು. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ಕಾವಲಿನ ಯಂತ್ರವೇ ದಾಳಿಗೆ ಗುರಿಯಾಗಬಹುದು. ಹಗಲಿರುಳೂ ಚಾಲನೆಯಲ್ಲಿರಬೇಕಾದುದರಿಂದ ವಿದ್ಯುತ್ ವೆಚ್ಚವೂ ಗಣನೀಯ: 40 ವ್ಯಾಟ್ ಬಳಸುವ ಯಂತ್ರಕ್ಕೆ 30 ದಿನಗಳಲ್ಲಿ ಸುಮಾರು 29 ಯೂನಿಟ್ ತಗಲುತ್ತದೆ.